ತೆರೆಯ ಮೇಲಿನ ಮೋಟಾರು

1971ರ ‘ಡೈಮಂಡ್ಸ್ ಆರ್ ಫಾರೆವರ್’ ಚಿತ್ರದಲ್ಲಿ ಜೇಮ್ಸ್ ಬಾಂಡನ ಮಸ್ಟ್ಯಾಂಗ್ ಕಾರು ಇಕ್ಕಟ್ಟಾದ ಓಣಿಯೊಂದನ್ನು ಬಲಬದಿಯ ಎರಡು ಗಾಲಿಗಳ ಮೇಲೆ ಹೊಗುತ್ತದೆ. ಹೊರಬರುವುದು ಎಡಬದಿಯ ಗಾಲಿಗಳ ಮೇಲೆ! ತಪ್ಪು ಮುಚ್ಚಲೆಂದು, ಓಣಿಯೊಳಗೆ ಕಾರು ಮಗ್ಗುಲು ಬದಲಿಸುವ ತುಣುಕೊಂದನ್ನು ಸೇರಿಸಿದರು. ತೇಪೆಯಿಂದ ಹರಕು ಇನ್ನಷ್ಟು ಎದ್ದುಕಂಡಿತು. 1968ರ ‘ಬುಲಿಟ್’ನ ಬೆನ್ನಟ್ಟುವ ದೃಶ್ಯದಲ್ಲಂತೂ ಒಂದೇ ಹಸಿರು ಫೋಕ್ಸ್‌ವ್ಯಾಗನ್ ಮತ್ತೆ ಮತ್ತೆ ಹಿಂದೆ ಬೀಳುತ್ತದೆ. ಇವನ್ನು ನಾನು ಕ್ಷಮಿಸಬಲ್ಲೆ. ಓಟದ ಸೊಗಸಿನಲ್ಲಿ ಯಾರು ಲೆಕ್ಕವಿಟ್ಟಾರು?

ಕ್ಷಮಿಸಲಾರದ್ದು ಬೇರೆ. ನಮ್ಮ ಪುತ್ತೂರು, ಸುಳ್ಯ, ಕಡಬಗಳ ವಾಹನಗಳಿಗೆ ಕೆಎ 21ರ ಫಲಕ. ಈ ‘ಕೆಎ’ ಬಂದದ್ದು 1989ರಲ್ಲಿ. ಮೈಸೂರು ರಾಜ್ಯದ ಕಾಲದಲ್ಲಿ ‘ಎಂವೈ’ ಎಂದಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದೇ 1973ರಲ್ಲಿ. ಹೀಗಿರಲು, ಅರುವತ್ತರ ದಶಕದ ಕಥೆಯ ಅಂಬಾಸಿಡರಿಗೆ ‘ಕೆಎ’ ಫಲಕ ತಗುಲಿಸುವ ನಿರ್ದೇಶಕ, ತಾನು ಕಟ್ಟಹೊರಟ ಕಾಲವನ್ನು ತಾನೇ ಕೆಡವಿದಂತಲ್ಲವೇ? ಲಾಂದ್ರ, ಕರಿಟೋಪಿ, ಗ್ರಾಮಾಫೋನು ಎಲ್ಲವನ್ನೂ ಹುಡುಕಿ ತಂದವರಿಗೆ ಒಂದು ಡಬ್ಬಿ ಬಣ್ಣ ಸಿಗದೆ ಹೋಯಿತೇ?

ತರಗತಿಯಲ್ಲಿ ಈ ಮಾತು ತೆಗೆದಾಗ ಕಡಬದ ಕಡೆಯ ವಿದ್ಯಾರ್ಥಿಯೊಬ್ಬ, “ಅದನ್ನೆಲ್ಲ ಯಾರು ನೋಡ್ತಾರೆ ಸಾರ್?” ಎಂದ. ಗುಡ್ಡದ ತಿರುವಿನಲ್ಲಿ ಜೀಪು ಕಂಡೊಡನೆ ನಂಬರು ನೋಡಿ ಇಂಥವರ ಮನೆಯದೆಂದು ಹೇಳುವ ಊರಿನವನು ಅವನು!