ಬೈಗುಳವನ್ನು ತೊಡುವ ಬಗೆ: 'ಪಿಂಕ್ ಚಡ್ಡಿ' ಅಭಿಯಾನದ ಭಾಷೆ

2009ರ ಜನವರಿ 24ರಂದು ಮಂಗಳೂರಿನ ಪಬ್ಬೊಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಗೆ ಪ್ರತಿಯಾಗಿ ಫೇಸ್‌ಬುಕ್ಕಿನಲ್ಲಿ ಹುಟ್ಟಿದ 'ಪಿಂಕ್ ಚಡ್ಡಿ' ಅಭಿಯಾನವನ್ನು ಒಂದು ಭಾಷಿಕ ಕೃತಿಯಾಗಿ ಓದುವುದು ಇಲ್ಲಿನ ಉದ್ದೇಶ. ನಿಶಾ ಸೂಸನ್ ಮತ್ತು ಗೆಳತಿಯರು ತಮ್ಮ ಗುಂಪಿಗೆ ಇಂಗ್ಲಿಷಿನಲ್ಲಿ ಇಟ್ಟ ಹೆಸರು, ಪಬ್ಬಿಗೆ ಹೋಗುವ, ಸಡಿಲ ನಡತೆಯ, ಮುಂದುವರಿದ ಹೆಂಗಸರ ಒಕ್ಕೂಟವೆಂಬ ಅರ್ಥದ್ದು. ಪ್ರೇಮಿಗಳ ದಿನದಂದು ಶ್ರೀರಾಮಸೇನೆಯ ಮುಖ್ಯಸ್ಥರಿಗೆ ಗುಲಾಬಿ ಬಣ್ಣದ ಒಳಉಡುಪು ಕಳುಹಿಸಿರೆಂಬ ಕರೆಯಲ್ಲಿಯೂ ಅದೇ ವ್ಯಂಗ್ಯವಿದೆ: ಬೈದವನ ಮಾತನ್ನೇ ತೊಟ್ಟು ಅವನೆದುರು ನಿಲ್ಲುವುದು.

ಕನ್ನಡಕ್ಕೆ ಈ ಬಗೆ ಅಪರಿಚಿತವಲ್ಲ. ತೇಜಸ್ವಿಯವರ 'ಕಿರಗೂರಿನ ಗಯ್ಯಾಳಿಗಳು' ಕಥೆಯಲ್ಲಿ ಬೈಗುಳವೇ ಬಿರುದಾಗುತ್ತದೆ. ಆದರೆ ಗಯ್ಯಾಳಿ ಎಂಬುದು ನಾಲಗೆಯನ್ನು ಕುರಿತ ನಿಂದೆ. 'ಸಡಿಲ' ಎಂಬುದು ಶೀಲವನ್ನು ಕುರಿತದ್ದು. ಮೊದಲನೆಯದನ್ನು ಊರು ನಕ್ಕು ಸಹಿಸೀತು. ಎರಡನೆಯದನ್ನು ಇಂಗ್ಲಿಷಿನಷ್ಟು ಹಗುರವಾಗಿ ಕನ್ನಡದಲ್ಲಿ ತನಗೆ ತಾನೇ ಹೇಳಿಕೊಳ್ಳುವುದು ಹೆಣ್ಣಿಗೆ ಸುಲಭವಲ್ಲ. ಕರಾವಳಿಯ ಬಸ್ಸಿನಲ್ಲಿ ಸಹಪಾಠಿಯ ಪಕ್ಕ ಕುಳಿತಳೆಂದು ಬೆದರಿಕೆಗೊಳಗಾಗುವ ವಿದ್ಯಾರ್ಥಿನಿಗೆ ಈ ವ್ಯಂಗ್ಯ ಒದಗಿಬರುವುದಿಲ್ಲ. ಸುದ್ದಿ ಮನೆ ಮುಟ್ಟಿದರೆ ಅವಳ ಓದೇ ನಿಂತೀತು.

ಹಾಗೆಂದು ಅಭಿಯಾನವನ್ನು ನಗರದವರ ಹುಡುಗಾಟವೆಂದು ತಳ್ಳಿಹಾಕುವ ವಾದವನ್ನು ನಾನು ಒಪ್ಪಲಾರೆ. ಹೊಡೆತ ತಿಂದವರೇ ತಲೆತಗ್ಗಿಸಬೇಕೆಂಬ ನಿರೀಕ್ಷೆಯನ್ನು ಅದು ಬಹಿರಂಗವಾಗಿ ಮುರಿಯಿತು. ದೇಶವೆಲ್ಲ ಟಿವಿಯಲ್ಲಿ ಕಂಡಿದ್ದ ಆ ಹಲ್ಲೆಯ ಪ್ರಕರಣದಲ್ಲಿ 2018ರಲ್ಲಿ ಮಂಗಳೂರಿನ ನ್ಯಾಯಾಲಯವು ಸಾಕ್ಷ್ಯದ ಕೊರತೆಯಿಂದ ಆರೋಪಿಗಳನ್ನು ಖುಲಾಸೆಗೊಳಿಸಿತು.