ಗಾಳಿಗೂ ಕಿವಿಯಿದೆ

ವಿಡಿಯೋ ಗೇಮನ್ನು ಒಂದು ಕೃತಿಯಂತೆ ಓದಹೊರಟವರು ಸಾಮಾನ್ಯವಾಗಿ ಅದರ ಕಥೆಯನ್ನು ಹಿಡಿಯುತ್ತಾರೆ. ಆದರೆ ಕಥೆಯೇ ಇಲ್ಲದ ಆಟಗಳೂ ಇವೆ. ಅಲ್ಲಿ ಮಾತಾಡುವುದು ನಿಯಮಗಳು. ಮೈನ್‌ಕ್ರಾಫ್ಟ್ ಅಂಥದ್ದು: ಮಣ್ಣು, ಕಲ್ಲು, ಮರವನ್ನು ಚೌಕಟ್ಟಾದ ತುಂಡುಗಳಾಗಿ ಅಗೆದು, ಬೇಕಾದ್ದನ್ನು ಕಟ್ಟಿಕೊಳ್ಳುವ ಬಯಲು. ಈ ಬಯಲಿಗೆ 2011ರ ಡಿಸೆಂಬರಿನಲ್ಲಿ ಡೇನಿಯಲ್ ರ‍್ಯಾಟ್‌ಕ್ಲಿಫ್ ಕಂಪ್ಯೂಟರನ್ನು ತಂದಿಟ್ಟರು. ಅವರ ಕಂಪ್ಯೂಟರ್‌ಕ್ರಾಫ್ಟ್ ಒಂದು ಮಾಡ್, ಎಂದರೆ ಮೂಲ ಆಟಕ್ಕೆ ಹೊರಗಿನವರು ಬರೆದು ಸೇರಿಸಿದ ಭಾಗ. ಅದನ್ನು ಹಾಕಿಕೊಂಡರೆ, ಆಟದೊಳಗೆ ಕಲ್ಲು ಮತ್ತು ಗಾಜಿನಿಂದ ಮಾಡಿಕೊಂಡ ಯಂತ್ರದಲ್ಲಿ ಲುವಾ ಭಾಷೆಯ ನಿಜವಾದ ಪ್ರೋಗ್ರಾಂ ಬರೆದು ಓಡಿಸಬಹುದು. 2017ರಲ್ಲಿ ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತವಾಯಿತು. ಅದರಿಂದ ಕವಲೊಡೆದ ಸಿಸಿ: ಟ್ವೀಕ್ಡ್ ಈಗ ಚಾಲ್ತಿಯಲ್ಲಿದೆ.

ಈ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡಬಲ್ಲವು. ಹಲವರು ಸೇರಿ ಆಡುವ ಸರ್ವರಿನಲ್ಲಿ ನನ್ನ ಮಾತು ನನ್ನವರಿಗಷ್ಟೇ ಕೇಳಬೇಕು ಎನಿಸುವುದು ಸಹಜ. ಆಗ ಹುಟ್ಟುವುದೇ ಖಾಸಗಿ ಜಾಲದ ಆಸೆ. ಈ ಆಸೆಗೆ ಮಾಡ್ ಕೊಡುವ ಉತ್ತರ ಬಹುಮಟ್ಟಿಗೆ ಪ್ರಾಮಾಣಿಕವಾಗಿದೆ, ಒಂದು ಕಡೆ ಮಾತ್ರ ಮೌನವಾಗಿದೆ. ಆ ಮೌನವನ್ನೂ ಓದಬೇಕು ಎಂಬುದು ನನ್ನ ವಾದ.

ಮೊದಲು ಪ್ರಾಮಾಣಿಕತೆ. ವೈರ್‌ಲೆಸ್ ಮೋಡೆಮ್‌ಗೆ 0ಯಿಂದ 65535ರವರೆಗೆ ಚಾನೆಲ್‌ಗಳಿವೆ. ಯಾವ ಚಾನೆಲ್ಲಿಗೂ ಬಾಗಿಲಿಲ್ಲ. ವ್ಯಾಪ್ತಿಯೊಳಗಿರುವ ಯಾರಾದರೂ ಆ ಸಂಖ್ಯೆಯನ್ನು ತೆರೆದು ಕೂತರೆ ಮಾತು ಅವರಿಗೂ ಕೇಳುತ್ತದೆ, ಕೇಳಿಸಿಕೊಂಡದ್ದು ಆಡಿದವರಿಗೆ ತಿಳಿಯುವುದಿಲ್ಲ. ಇದರ ಮೇಲೆ ಕಟ್ಟಿದ ರೆಡ್‌ನೆಟ್ ವ್ಯವಸ್ಥೆ ಪ್ರತಿ ಕಂಪ್ಯೂಟರಿಗಿರುವ ಗುರುತಿನ ಸಂಖ್ಯೆಯನ್ನೇ ವಿಳಾಸವಾಗಿ ಬಳಸುತ್ತದೆ. ಆದರೆ ‘ಇದು 7ನೆಯ ಕಂಪ್ಯೂಟರಿನ ಮಾತು’ ಎಂದು 12ನೆಯದೂ ಹೇಳಿಬಿಡಬಹುದು. ಪರೀಕ್ಷಿಸುವವರು ಯಾರೂ ಇಲ್ಲ. ಇಲ್ಲಿ ಹೆಸರೆಂಬುದು ಪುರಾವೆಯಲ್ಲ, ಬರೀ ಹೇಳಿಕೆ. ಗೋಡೆಗೂ ಕಿವಿಯಿದೆ ಎನ್ನುತ್ತೇವೆ. ಈ ಲೋಕದಲ್ಲಿ ಗಾಳಿಗೇ ಕಿವಿ.

ಆಟಗಾರರು ಇದಕ್ಕೆ ಎರಡು ಉಪಾಯ ಹೂಡುತ್ತಾರೆ. ಒಂದು ಕೇಬಲ್: ತಂತಿ ಎಲ್ಲಿಯವರೆಗೆ ಹೋಗಿದೆಯೋ ಅಲ್ಲಿಯವರೆಗಷ್ಟೇ ಮಾತು. ಇನ್ನೊಂದು ಎನ್‌ಕ್ರಿಪ್ಷನ್: ಮಾತು ಎಲ್ಲರಿಗೂ ಕೇಳಲಿ, ಕೀಲಿ ಇದ್ದವರಿಗಷ್ಟೇ ಅರ್ಥವಾಗಲಿ. ಇದಕ್ಕೆ ಬೇಕಾದ ಗಣಿತವನ್ನು ಆಟಗಾರರೇ ಲುವಾದಲ್ಲಿ ಬರೆದುಕೊಂಡಿದ್ದಾರೆ. ಕನ್ನಡದಲ್ಲಿ ‘ಖಾಸಗಿ’ ಬೇರೆ, ‘ಗುಟ್ಟು’ ಬೇರೆ. ಮನೆಯೊಳಗೆ ಆಡಿದ್ದು ಖಾಸಗಿ, ಸಂತೆಯಲ್ಲಿ ನಿಂತು ಇಬ್ಬರೇ ಅರಿಯುವಂತೆ ಆಡಿದ್ದು ಗುಟ್ಟು. ಕೇಬಲ್ ಕೊಡುವುದು ಮೊದಲನೆಯದನ್ನು, ಕೀಲಿ ಕೊಡುವುದು ಎರಡನೆಯದನ್ನು. ದಿನವಿಡೀ ಫೋನಿನಲ್ಲಿ ಸಂದೇಶ ಕಳಿಸುವ ನಾವು ಗುಟ್ಟನ್ನೇ ಖಾಸಗಿ ಎಂದುಕೊಂಡಿದ್ದೇವೆ.

ಅವೆರಡರ ಅಂತರ ಎಷ್ಟು ದೊಡ್ಡದೆಂಬುದನ್ನು ಮಾಡಿನ ಇನ್ನೊಂದು ನಿಯಮ ತೋರಿಸುತ್ತದೆ. ಪ್ರತಿ ವೈರ್‌ಲೆಸ್ ಸಂದೇಶದ ಜೊತೆ, ಅದು ಎಷ್ಟು ದೂರದಿಂದ ಬಂತೆಂಬ ಅಂಕಿಯೂ ಬರುತ್ತದೆ. ಹೆಸರನ್ನು ಸುಳ್ಳು ಹೇಳಬಹುದು, ದೂರವನ್ನಲ್ಲ. ಅದನ್ನು ಲೆಕ್ಕ ಹಾಕುವುದು ಆಟವೇ. ಆಟದೊಳಗಿನ ಜಿಪಿಎಸ್ ನಡೆಯುವುದು ಇದರಿಂದಲೇ: ತಮ್ಮ ಜಾಗ ಬಲ್ಲ ನಾಲ್ಕು ಕಂಪ್ಯೂಟರುಗಳಿಗೆ ನಾನೆಷ್ಟು ದೂರವೆಂದು ಗೊತ್ತಾದರೆ ನಾನೆಲ್ಲಿದ್ದೇನೆಂಬುದು ಸಿಗುತ್ತದೆ. ಇದನ್ನು ತಿರುಗಿಸಿ ನೋಡಿ. ಸುಮ್ಮನೆ ಕೇಳಿಸಿಕೊಳ್ಳುವ ನಾಲ್ಕು ಕಂಪ್ಯೂಟರುಗಳನ್ನು ಸರಿಯಾದ ಕಡೆಗಳಲ್ಲಿ ಇಟ್ಟವರಿಗೆ, ನನ್ನ ಸಂದೇಶದ ಒಂದಕ್ಷರವೂ ಅರ್ಥವಾಗದೆ ನನ್ನ ಅಡಗುದಾಣ ತಿಳಿಯುತ್ತದೆ. ಗುಟ್ಟು ಉಳಿಯಿತು, ಮನೆ ಸಿಕ್ಕಿಬಿತ್ತು. ಮೊಬೈಲ್ ಟವರುಗಳ ದಾಖಲೆ ನಮ್ಮ ಬಗ್ಗೆ ಹೇಳುವುದೂ ಇಂಥದ್ದನ್ನೇ. ಏನು ಮಾತಾಡಿದೆವು ಎನ್ನುವುದಕ್ಕಿಂತ ಎಲ್ಲಿಂದ, ಯಾವಾಗ, ಯಾರಿಗೆ ಎನ್ನುವುದೇ ಎಷ್ಟೋ ಸಲ ಹೆಚ್ಚಿನದನ್ನು ಹೇಳುತ್ತದೆ.

ಈ ಕಾರಣಕ್ಕೇ ಎಂಡರ್ ಮೋಡೆಮ್ ನನಗೆ ಕೃತಿಯನ್ನು ತೆಳುವಾಗಿಸುವ ಸೇರ್ಪಡೆಯಾಗಿ ಕಾಣುತ್ತದೆ. ಸಾಮಾನ್ಯ ಮೋಡೆಮಿನ ವ್ಯಾಪ್ತಿ ಮೂಲ ಸೆಟ್ಟಿಂಗಿನಲ್ಲಿ 64 ಬ್ಲಾಕ್. ಎತ್ತರಕ್ಕೆ ಹೋದಂತೆ ಅದು 384ರವರೆಗೆ ಬೆಳೆಯುತ್ತದೆ. ಹಾಗಾಗಿ ಜಾಲ ಕಟ್ಟುವವರು ಬೆಟ್ಟ ಹತ್ತಬೇಕು, ಗೋಪುರ ಎಬ್ಬಿಸಬೇಕು, ನಡುವೆ ಮಾತು ದಾಟಿಸುವ ಯಂತ್ರ ಇಡಬೇಕು. ಎಂಡರ್ ಮೋಡೆಮಿಗೆ ದೂರದ ಮಿತಿಯೇ ಇಲ್ಲ. ನೆದರ್‌ನಂಥ ಬೇರೆ ಲೋಕಕ್ಕೂ ಅದು ಮುಟ್ಟುತ್ತದೆ, ಹಾಗೆ ಲೋಕ ದಾಟಿ ಬಂದ ಸಂದೇಶಕ್ಕೆ ದೂರದ ಅಂಕಿಯೂ ಇರುವುದಿಲ್ಲ. ಅಡಗುವವರಿಗೆ ಇದು ವರ. ಆದರೆ ಜಾಲಕ್ಕೂ ನೆಲವಿದೆ, ಅದನ್ನು ಯಾರೋ ಬೆವರು ಸುರಿಸಿ ಕಟ್ಟಿರುತ್ತಾರೆ ಎಂಬ ಅರಿವು ಅಲ್ಲಿಗೆ ಅಳಿಸಿಹೋಗುತ್ತದೆ.

ಇನ್ನು ಆ ಮೌನ. ಆಟದೊಳಗೆ ನಮಗೆ ಕಾಣುವ ಎದುರಾಳಿ ಇನ್ನೊಬ್ಬ ಆಟಗಾರ, ಪಕ್ಕದ ಬೆಟ್ಟದ ಮೇಲೆ ಕಿವಿಗೊಟ್ಟು ಕೂತವನು. ಅವನ ವಿರುದ್ಧ ಕೇಬಲ್ ಎಳೆಯುತ್ತೇವೆ, ಕೀಲಿ ಬದಲಿಸುತ್ತೇವೆ. ಆದರೆ ಪ್ರತಿ ಕಂಪ್ಯೂಟರಿನ ಕಡತಗಳೂ ಸರ್ವರಿನ ಡಿಸ್ಕಿನಲ್ಲಿ, ಅದರದರ ಗುರುತಿನ ಸಂಖ್ಯೆಯ ಫೋಲ್ಡರಿನಲ್ಲಿ, ಯಾವ ಮುಸುಕೂ ಇಲ್ಲದೆ ಕೂತಿರುತ್ತವೆ. ನಮ್ಮ ಪ್ರೋಗ್ರಾಂ ಅಲ್ಲಿದೆ, ಅದರಲ್ಲಿ ಬರೆದಿಟ್ಟ ಕೀಲಿಯೂ ಅಲ್ಲಿದೆ. ಸರ್ವರ್ ನಡೆಸುವವರು ಗಾಳಿಗೆ ಕಿವಿಗೊಡಬೇಕಿಲ್ಲ, ಫೋಲ್ಡರ್ ತೆರೆದರಾಯಿತು. ಅವರಿಗೆ ಆಟದೊಳಗೆ ದೇಹವೇ ಬೇಕಿಲ್ಲ. ದೂರ ಅಳೆಯಲು ಅವರು ಯಾವ ಬ್ಲಾಕಿನ ಮೇಲೂ ನಿಂತಿಲ್ಲ.

ಇದನ್ನು ಮಾಡ್ ಬರೆದವರ ದೋಷವೆನ್ನಲಾಗದು. ಯಾರದೋ ಯಂತ್ರದ ಮೇಲೆ ಓಡುವ ಲೋಕ ಹೀಗೆಯೇ ಇರಬೇಕು. ಆದರೂ ನೆರೆಯವನ ಕಿವಿಯನ್ನು ಅಷ್ಟು ಸ್ಪಷ್ಟವಾಗಿ ಕಾಣಿಸುವ ಕೃತಿ, ಮನೆಯ ಮಾಲೀಕನನ್ನು ಕಾಣಿಸುವುದಿಲ್ಲ. ಇದನ್ನು ಆಡಿ ಜಾಲವೆಂದರೇನೆಂದು ಕಲಿಯುವ ಹುಡುಗ ಹುಡುಗಿಯರು ಕದ್ದು ಕೇಳುವವನಿಗೆ ಹೆದರುವುದನ್ನು ಚೆನ್ನಾಗಿ ಕಲಿಯುತ್ತಾರೆ. ಫೋಲ್ಡರ್ ಯಾರ ಬಳಿಯಿದೆ ಎಂಬ ಪ್ರಶ್ನೆಯನ್ನು ಮಾತ್ರ ಅವರು ಆಟದಿಂದ ಹೊರಗೆ ಬಂದು ಕೇಳಬೇಕಾಗುತ್ತದೆ. ನಾವೂ ಅಷ್ಟೇ.