ಬೈಕಂಪಾಡಿ ದಾಟುವಾಗ ‘ನಗುವಾ ನಯನ’

ರಾತ್ರಿ ಗಾಡಿ ಓಡಿಸುವಾಗ ಕೇಳುವ ಹಾಡೆಂದರೆ ಹೆಚ್ಚಿನವರು ವಿರಹಗೀತೆಯನ್ನೇ ಹುಡುಕುತ್ತಾರೆ. ದಿನವಿಡೀ ದುಡಿದು ಮನೆಗೆ ಹೊರಟವನಿಗೆ ಇನ್ನೊಬ್ಬರ ಅಳು ಯಾಕೆ ಬೇಕೋ! ಬೈಕಂಪಾಡಿಯ ಕೈಗಾರಿಕಾ ಪ್ರದೇಶದಿಂದ ಸೆಕೆಂಡ್ ಶಿಫ್ಟ್ ಮುಗಿಸಿ ಮಂಗಳೂರಿನ ಕಡೆ ತಿರುಗುವವರಿಗಂತೂ ಅದು ಆಗಿಬರುವುದಿಲ್ಲ. ರಾಷ್ಟ್ರೀಯ ಹೆದ್ದಾರಿ 66ರ ಈ ತುಂಡು ಕಣ್ಣು ತುಂಬಿಕೊಂಡು ಓಡಿಸುವ ರಸ್ತೆಯಲ್ಲ. ಅಂಚಿನಲ್ಲಿ ದೀಪವಾರಿಸಿ ನಿಂತ ಲಾರಿಗಳು, ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರುಗಳು, ಪಣಂಬೂರಿನ ಬಂದರಿನ ಕಡೆಯಿಂದ ಬರುವ ಕಂಟೇನರ್ ಟ್ರೇಲರುಗಳು. ಮಳೆಗಾಲವಾದರೆ ನೀರಿನಡಿ ಹೊಂಡ ಎಲ್ಲಿದೆಯೆಂದು ಊಹಿಸಿಯೇ ಹೋಗಬೇಕು. ಇಲ್ಲಿಗೆ ಬೇಕಾದದ್ದು ಮನಸ್ಸನ್ನು ಎಬ್ಬಿಸಿಡುವ, ಆದರೆ ಎಲ್ಲಿಗೂ ಎಳೆದುಕೊಂಡು ಹೋಗದ ಹಾಡು. 1983ರ ‘ಪಲ್ಲವಿ ಅನುಪಲ್ಲವಿ’ ಚಿತ್ರದ ‘ನಗುವಾ ನಯನ’ ಅಂಥದ್ದು.

ಮಣಿರತ್ನಂ ಅವರ ಮೊದಲ ಚಿತ್ರ ಅದು. ಅನಿಲ್ ಕಪೂರ್ ಮುಂಬಯಿಯಿಂದ ಬಂದ ನಾಯಕ, ಛಾಯಾಗ್ರಹಣ ಬಾಲು ಮಹೇಂದ್ರ, ಸಂಗೀತ ಇಳಯರಾಜಾ, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಇಷ್ಟು ಜನರಲ್ಲಿ ಕನ್ನಡ ಯಾರ ಮನೆಮಾತೂ ಅಲ್ಲ. ಬೈಕಂಪಾಡಿಯಲ್ಲಿ ಕುಳಿತು ಈ ಪಟ್ಟಿ ಓದಿದರೆ ನಗು ಬರುತ್ತದೆ: ತುಳು, ಬ್ಯಾರಿ, ಕೊಂಕಣಿ, ಮಲಯಾಳ ಆಡುವವರ ನಡುವೆ ಕನ್ನಡ ಇಲ್ಲಿಯೂ ಬಹುಮಂದಿಗೆ ಮನೆಯ ಹೊರಗಿನ ಭಾಷೆಯೇ. ಪದ ಕಟ್ಟಿದವರು ಮಾತ್ರ ಕನ್ನಡ ಚಿತ್ರರಂಗದ ಹಳೆಯ ಮನೆತನದವರು, ಆರ್. ನಾಗೇಂದ್ರರಾಯರ ಮಗ ಆರ್.ಎನ್. ಜಯಗೋಪಾಲ್.

ಅವರ ಪಲ್ಲವಿಯ ವಾದ ಚಿಕ್ಕದು. ನೋಟವೂ ಎದೆಬಡಿತವೂ ಎಲ್ಲವನ್ನೂ ಹೇಳಿಬಿಟ್ಟ ಮೇಲೆ ಬಾಯಿಗೆ ಕೆಲಸವಿಲ್ಲ, ಆಮೇಲೆ ಕವಿಗೂ ಕೆಲಸವಿಲ್ಲ. ಬರೆದವನೇ ತನ್ನನ್ನು ಬಾಗಿಲ ಹೊರಗೆ ನಿಲ್ಲಿಸಿಕೊಳ್ಳುವ ಈ ಕಿಲಾಡಿತನ ನನಗೆ ಬಹಳ ಇಷ್ಟ. ಪಲ್ಲವಿಯ ಶುರುವಿನಲ್ಲಿ ನಾಮಪದಗಳೇ ಒಂದರ ಹಿಂದೊಂದು ಬರುತ್ತವೆ, ಉದ್ದ ವಾಕ್ಯ ಕಟ್ಟುವ ಗೋಜೇ ಇಲ್ಲ. ಹಾಗಾಗಿ ಅರ್ಧ ಗಮನದಲ್ಲಿ ಕೇಳಿದರೂ ಏನೂ ತಪ್ಪಿಹೋಗುವುದಿಲ್ಲ. ಎದುರಿನ ಲಾರಿ ಹೈಬೀಮ್ ಹಾಕಿದಾಗ ಒಂದು ಪದ ಕಿವಿಗೆ ಬೀಳದಿದ್ದರೆ ಮುಂದಿನದು ಕೈಗೆ ಸಿಗುತ್ತದೆ. ಕಥೆ ಹೇಳುವ ಹಾಡುಗಳಿಗೆ ಈ ಉದಾರತೆ ಇಲ್ಲ.

ಚರಣಕ್ಕೆ ಬಂದಾಗ ಸಾಹಿತ್ಯ ಸ್ವಲ್ಪ ಸಡಿಲವಾಗುತ್ತದೆ. ಮೊದಲ ಚರಣದ ಹಲವು ಸಾಲುಗಳು ಒಂದರ ಹಿಂದೊಂದು ದ್ವಿತೀಯಾ ವಿಭಕ್ತಿಯಲ್ಲೇ ಮುಗಿಯುತ್ತವೆ. ಕನ್ನಡದಲ್ಲಿ ಇದಕ್ಕಿಂತ ಅಗ್ಗದ ಪ್ರಾಸ ಇನ್ನೊಂದಿಲ್ಲ, ಟ್ಯೂನಿನ ಅಳತೆಗೆ ಪದ ಕೂರಿಸುವ ಅವಸರ ಕಾಣಿಸುತ್ತದೆ. ಆದರೆ ಅದೇ ಚರಣದಲ್ಲಿ ಹೆಣ್ಣು, ಮಳೆಯಲ್ಲೂ ಜೊತೆಗೆ ನಡೆಯುತ್ತೇನೆ, ಕೈ ಬಿಡುವುದಿಲ್ಲ ಎನ್ನುತ್ತಾಳೆ. ಜೂನ್ ತಿಂಗಳ ಕರಾವಳಿಯಲ್ಲಿ ಇದು ಅಲಂಕಾರದ ಮಾತಲ್ಲ, ಸಾಕಷ್ಟು ಗಟ್ಟಿಯಾದ ಭರವಸೆ ಮಾರಾಯ್ರೆ. ಎರಡನೆಯ ಚರಣದಲ್ಲಿ ಹಾಡು ಇನ್ನೂ ಮೇಲೇರುತ್ತದೆ. ಇದು ರಾತ್ರಿಯ ಪಿಸುಮಾತು, ನೀನು ಅಲ್ಲಿ, ನಾನು ಇಲ್ಲಿ ಎಂದು ಜಯಗೋಪಾಲ್ ಸೂಚಿಸುತ್ತಾರೆ. ಯುಗಳಗೀತೆಯೊಂದು ಇಬ್ಬರ ನಡುವಿನ ದೂರವನ್ನು ದುಃಖವಿಲ್ಲದೆ ಒಪ್ಪಿಕೊಳ್ಳುವುದು ಅಪರೂಪ. ಪಕ್ಕದ ಸೀಟು ಖಾಲಿಯಿರುವ ಚಾಲಕನಿಗೆ ಹಾಡು ಹತ್ತಿರವಾಗುವುದು ಇದಕ್ಕೇ. ಸ್ನೇಹವನ್ನು ಅಳಿಸಲಾಗದ ರಂಗೋಲಿಯೆಂದು ಕರೆಯುವ ಕಲ್ಪನೆಯ ಬಗ್ಗೆ ತಕರಾರು ತೆಗೆಯಬಹುದು. ರಂಗೋಲಿ ದಿನವೂ ಅಳಿಸಿ ಹಾಕುವಂಥದ್ದೇ ತಾನೆ. ನನಗೆ ಅದು ತಪ್ಪೆನಿಸಿಲ್ಲ. ಅಳಿಯುವುದರ ಮೇಲೆಯೇ ಅಳಿಯದಿರಲೆಂಬ ಹಟ ಹೂಡಿದ್ದಾರೆ.

ಇಳಯರಾಜಾ ಮಾಡಿದ ದೊಡ್ಡ ಕೆಲಸ ನಡಿಗೆಯನ್ನು ಕಾಯ್ದದ್ದು. ಗಿಟಾರ್, ವಯಲಿನ್ನುಗಳ ಗುಂಪು ಬಂದುಹೋಗುತ್ತವೆ, ಕೆಳಗಿನ ತಾಳ ಮಾತ್ರ ಅವಸರ ಮಾಡುವುದೂ ಇಲ್ಲ, ತೂಕಡಿಸುವುದೂ ಇಲ್ಲ. ಬಾಲಸುಬ್ರಹ್ಮಣ್ಯಂ ಕಂಠದಲ್ಲಿ ಮೆಲುನಗುವಿದೆ, ಜಾನಕಿ ಕೊನೆಯ ಸ್ವರಗಳನ್ನು ಎಳೆದರೂ ಭಾರ ಹೇರುವುದಿಲ್ಲ. ಆಡುಮಾತಿನಲ್ಲಿ ಗಿಡ್ಡವಾಗಿರುವ ಪದಾಂತ್ಯಗಳು ಇಲ್ಲಿ ಉದ್ದವಾಗುತ್ತವೆ. ಕನ್ನಡದ ಕಿವಿಗೆ ಇದು ಮೊದಲು ಒರಟು ಎನಿಸಿದರೂ ಆ ದೀರ್ಘಗಳೇ ಹಾಡಿಗೆ ಉಸಿರು. ಈ ಚಿತ್ರದ ಸಂಗೀತದ ಎಳೆಯೊಂದನ್ನು ಮುಂದೆ ಐಡಿಯಾ ಮೊಬೈಲ್ ಕಂಪನಿ ಜಾಹೀರಾತಿಗೆ ಬಳಸಿಕೊಂಡಿತು. ಚಿತ್ರದ ಹೆಸರೇ ಕೇಳದ ಒಂದು ಪೀಳಿಗೆ ಆ ಧಾಟಿಯನ್ನು ಫೋನಿನ ಜೊತೆ ಗುರುತಿಸಿತು. ಹಾಡಿಗೆ ಅದರಿಂದ ನಷ್ಟವೇನೂ ಆಗಿಲ್ಲ.

ಇದೇ ಇಳಯರಾಜಾ, ಬಾಲಸುಬ್ರಹ್ಮಣ್ಯಂ, ಜಾನಕಿ ಎರಡು ವರ್ಷ ಮೊದಲು ಶಂಕರ್ ನಾಗ್ ಅವರ ‘ಗೀತಾ’ಕ್ಕೆ ಕೊಟ್ಟ ‘ಜೊತೆಯಲಿ’ ಹೆಚ್ಚು ಜನಪ್ರಿಯ, ಧಾಟಿಯಾಗಿ ಬಹುಶಃ ಹೆಚ್ಚು ಸುಂದರ ಕೂಡ. ಅದರ ಜಾಡು ಮುಂದೆ ಹಿಂದಿ ಚಿತ್ರ ‘ಚೀನಿ ಕಂ’ವರೆಗೂ ಹೋಯಿತು. ಆದರೆ ರಾತ್ರಿಯ ಹೆದ್ದಾರಿಗೆ ನಾನು ಅದನ್ನು ಹಾಕುವುದಿಲ್ಲ. ಅದು ಹಗಲಿನ ಹಾಡು, ಕಾಲನ್ನು ಆಕ್ಸಿಲರೇಟರಿನ ಕಡೆ ತಳ್ಳುತ್ತದೆ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡಿನ ಬಳಿ ಹೆದ್ದಾರಿಯಲ್ಲೇ ತೀರಿಕೊಂಡ ಶಂಕರ್ ನಾಗ್ ನೆನಪು ಅದಕ್ಕೆ ಅಂಟಿಕೊಂಡಿರುವುದೂ ಒಂದು ಕಾರಣ. ಇದು ವಿಮರ್ಶೆಯ ಕಾರಣವಲ್ಲ, ಗೊತ್ತು.

ಈಗ ಒಂದೇ ಗಿಟಾರ್ ಹಿಡಿದು ‘ನಗುವಾ ನಯನ’ವನ್ನು ಅರ್ಧ ವೇಗಕ್ಕೆ ಇಳಿಸಿ ಹಾಡುವ ಕವರ್‌ಗಳು ಬೇಕಾದಷ್ಟಿವೆ. ಪ್ರತಿ ಪದದ ಮೇಲೂ ನಿಟ್ಟುಸಿರು. ಮಾತು ಬೇಡ ಎಂದು ಸಲೀಸಾಗಿ ಹೇಳಿ ಮುಗಿಸುವ ಹಾಡಿಗೆ ಇವರು ಗೋಗರೆಯುವ ದನಿ ಕೊಡುತ್ತಾರೆ, ತಾಳವೂ ಕಳಚಿಬೀಳುತ್ತದೆ. ಬೈಕಂಪಾಡಿಯಿಂದ ಹೊರಟು ಕೂಳೂರಿನ ಸೇತುವೆ ಮುಟ್ಟುವುದರೊಳಗೆ ಅಂಥ ಕವರ್ ಆಕಳಿಕೆ ತರಿಸುತ್ತದೆ. ಸಿನಿಮಾದ ಮೂಲ ಹಾಡನ್ನೇ ಹಾಕಿಕೊಳ್ಳಿ, ವಾಲ್ಯೂಮ್ ಮಾತ್ರ ಹಿಂದಿನ ಟ್ಯಾಂಕರಿನ ಹಾರ್ನ್ ಕೇಳಿಸುವಷ್ಟಿರಲಿ.